ಒದರಲು ಕಲಿಸಿದ ಅಕ್ಕೋರು

ಅನು, ಮಲ್ಲು,

ನಿಮ್ಮಪ್ಪ ಮೊನ್ನೆ ಫೋನಿನಲ್ಲಿ ಒಂದು ಫೋಟೊ ತೋರಿಸಿದ. ನಮ್ಮೂರ ಶಾಲೆಯ ಅಕ್ಕೋರು ನಿವೃತ್ತರಾದ ದಿನದ ಫೋಟೊ. ಮೈಮೇಲೆ ಶಾಲು, ತಲೆಯ ಮೇಲೆ ಜರಿಯ ಪೇಟಾ, ಕೈಯಲ್ಲಿ ಹಣ್ಣಿನ ಬುಟ್ಟಿ. ಸುತ್ತ ನಿಂತವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ, ಅಕ್ಕೋರು ಮಾತ್ರ ಬೇರೆ ಕಡೆ ನೋಡುತ್ತಿದ್ದಾರೆ. ಫೋಟೊ ಕೆಟ್ಟಿದೆ ಎಂದು ನಿಮ್ಮಪ್ಪ ಅಂದ. ನಾನು ದೊಡ್ಡದು ಮಾಡಿಸಿ ನೋಡಿದೆ. ವೇದಿಕೆಯ ತುದಿಯಲ್ಲಿ ಒಂದು ಪುಟ್ಟ ಹುಡುಗಿ ಒಂಟಿಕಾಲಿನಲ್ಲಿ ನಿಂತಿದ್ದಾಳೆ. ಅಕ್ಕೋರ ಕಣ್ಣು ಅವಳ ಕಾಲಿನ ಮೇಲಿದೆ. ಫೋಟೊ ಕೆಟ್ಟಿಲ್ಲ. ಅವರು ಇರುವುದೇ ಹಾಗೆ.

ನೀವು ಅವರನ್ನು ನೋಡಿಲ್ಲ. ನೀವು ಹುಟ್ಟುವ ಹೊತ್ತಿಗೆ ನಾನು ಊರು ಬಿಟ್ಟು ಸ್ಟೇಷನ್ ರಸ್ತೆಯ ಹಿಂದಿನ ಈ ಮನೆಗೆ ಬಂದಾಗಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಅವರ ಬಗ್ಗೆ ಬರೆಯಲೇ ಎಂದು ಫೋನು ಮಾಡಿ ಕೇಳಿದ್ದೆ. ಬರೆಯಿರಿ, ಆದರೆ ಹೆಸರು ಬೇಡ ಎಂದರು. ನನ್ನನ್ನು ಅವರು ಅತ್ತಿಗೆಯನ್ನು ಕರೆದ ಹಾಗೆ ವೈನಿ ಎನ್ನುತ್ತಾರೆ. "ಹೆಸರ ಹಾಕಿದ್ರ ಮತ್ತ ಯಾರರೆ ಕರದು ಇನ್ನೊಂದು ಶಾಲು ಹೊಚ್ಚತಾರ ವೈನಿ. ಮನ್ಯಾಗ ಇಡಾಕ ಜಾಗಿಲ್ಲ." ಹಾಗಾಗಿ ಇಲ್ಲಿಯೂ ಅವರು ಬರೀ ಅಕ್ಕೋರು. ನಮ್ಮೂರ ಮಕ್ಕಳಿಗೂ ಅವರು ಅಷ್ಟೇ ಆಗಿದ್ದರು.

ನನ್ನದು ಎರಡು ಮಾತು ಹೇಳಿಬಿಡುತ್ತೇನೆ. ತವರು ತಿಕೋಟಾದ ಕಡೆ. ಅಲ್ಲಿಯ ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದೆ. ಮಾಸ್ತರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಂತು ನೆಲ ನೋಡುತ್ತಿದ್ದೆ. ಸಾರವಾಡದಿಂದ ಒಳಗೆ ಹೋದರೆ ಸಿಗುವ ಸಣ್ಣ ಊರಿಗೆ ನನ್ನನ್ನು ಕೊಟ್ಟರು. ಅಲ್ಲಿಯೂ ಸೆರಗು ಮುಂದಕ್ಕೆ ಎಳೆದುಕೊಂಡೇ ದಿನ ಕಳೆದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳು ನನ್ನನ್ನು ಅಡಗಿ ಆಯಿ ಎನ್ನುತ್ತಿದ್ದವು. ದೊಡ್ಡವರ ಜೊತೆ ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಅದು ನನಗೆ ಬಹಳ ಹಿಡಿಸಿತ್ತು.

ಆ ಶಾಲೆಗೆ ಅಕ್ಕೋರು ವರ್ಗವಾಗಿ ಬಂದದ್ದು ಒಂದು ಜೂನ್ ತಿಂಗಳಲ್ಲಿ. ವಿಜಯಪುರದಿಂದ ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತಿದ್ದರು. ಗಿಡ್ಡ ಆಳು, ಭರಭರ ನಡಿಗೆ, ಸೀರೆಯ ಕೆಳಗೆ ಹುಡುಗರು ಹಾಕುವಂಥ ಬಿಳಿ ಬೂಟು. ಹೆಗಲಲ್ಲಿ ದೊಡ್ಡ ಚೀಲ. ಆ ಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಒಂದು ಹಗ್ಗ ಇರುತ್ತಿತ್ತು. ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗ. ಒಮ್ಮೆ ಬಸ್ಸಿನಲ್ಲಿ ಚೀಲದಿಂದ ಅದು ಹೊರಗೆ ಜೋತು ಬಿದ್ದದ್ದನ್ನು ಕಂಡ ಕಂಡಕ್ಟರ್, "ಯಾಕ್ರಿ ಅಕ್ಕೋರ, ಎಮ್ಮಿ ಖರೀದಿಗೆ ಹೊಂಟೀರೇನು" ಎಂದನಂತೆ. "ಎಮ್ಮಿ ಅಲ್ಲಪಾ, ನಿನ್ನ ಬಸ್ಸು ಕೆಟ್ಟ ನಿಂತ್ರ ಜಗ್ಗಾಕ" ಎಂದು ಇವರು ಅಂದರಂತೆ. ಅಂದಿನಿಂದ ಕಂಡಕ್ಟರ್ ಅವರಿಗೆ ಮುಂದಿನ ಸೀಟು ಹಿಡಿದಿಡುತ್ತಿದ್ದ.

ಅವರು ಕನ್ನಡ, ಲೆಕ್ಕ ಎಲ್ಲವನ್ನೂ ಕಲಿಸುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಇನ್ನೊಂದು ಪಾಠದಲ್ಲಿ. ಮೊದಲ ದಿನವೇ ಮಕ್ಕಳನ್ನು ಬಯಲಲ್ಲಿ ಸಾಲಾಗಿ ನಿಲ್ಲಿಸಿ ಕೇಳಿದರು, ಈ ಕೈ ಯಾರದು. ನಂದ್ರೀ ಎಂದವು ಮಕ್ಕಳು. ಈ ಕಿವಿ ಯಾರದು. ನಂದ್ರೀ. ಈ ಗಲ್ಲ ಯಾರದು. ನಂದ್ರೀ. ನಿಮ್ಮ ಮೈ ನಿಮ್ಮದು, ನಿಮಗೆ ಸೇರದಂತೆ ಯಾರು ಮುಟ್ಟಿದರೂ ಬೇಡ ಅನ್ನಬೇಕು, ಮನೆಯವರಿರಲಿ, ನಾನಿರಲಿ, ಯಾರೇ ಇರಲಿ, ಆಮೇಲೆ ನಿಮಗೆ ನಂಬಿಕೆಯಿರುವ ದೊಡ್ಡವರಿಗೆ ಹೇಳಬೇಕು ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೇಳಿದೆ. ಇಷ್ಟು ಸರಳ ಮಾತನ್ನು ನನಗೆ ಯಾರೂ ಹೇಳಿರಲಿಲ್ಲವಲ್ಲ ಎನಿಸಿತು.

ನಾಲ್ಕು ದಿನದಲ್ಲಿ ಆ ಪಾಠ ಊರಿಗೆ ಮುಟ್ಟಿತು. ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ದ್ರಾಕ್ಷಿ ತೋಟದ ದೊಡ್ಡ ರೈತ. ಊರೆಲ್ಲ ಅವರನ್ನು ಧಣಿ ಎಂದೇ ಕರೆಯುತ್ತಿತ್ತು. ಕೆಟ್ಟವರಲ್ಲ, ಆದರೆ ಕಂಡ ಮಕ್ಕಳ ಗಲ್ಲವನ್ನೆಲ್ಲ ಹಿಟ್ಟು ನಾದಿದ ಹಾಗೆ ಹಿಂಡುವ ಅಭ್ಯಾಸ. ಅಂದು ಶಾಲೆಗೆ ಬಂದು ಎರಡನೇ ಇಯತ್ತೆಯ ಹುಡುಗಿಯೊಬ್ಬಳ ಗಲ್ಲಕ್ಕೆ ಕೈ ಹಾಕಿದರು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, "ಬ್ಯಾಡ್ರಿ ಕಾಕಾ. ಇದು ನನ್ನ ಗಲ್ಲ" ಎಂದಳು.

ಧಣಿ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅಕ್ಕೋರ ಕಡೆ ತಿರುಗಿ, "ಅಲ್ರಿ ಅಕ್ಕೋರ, ಊರ ಹುಡುಗರ ಗಲ್ಲ ಹಿಂಡಾಕೂ ನಿಮ್ಮ ಕಡೆ ಅರ್ಜಿ ಕೊಡಬೇಕೇನು" ಎಂದರು.

"ನನ್ನ ಕಡೆ ಬ್ಯಾಡ್ರಿ ಧಣ್ಯಾರ. ಗಲ್ಲ ಯಾರದೋ ಅವರ ಕಡೆ ಕೊಡ್ರಿ."

ಧಣಿ ಮುಖ ಕೆಂಪಗೆ ಮಾಡಿಕೊಂಡು ಹೋದರು. ವಾರದ ಮೇಲೆ ಮತ್ತೆ ಬಂದಾಗ ಅದೇ ಹುಡುಗಿಯ ಮುಂದೆ ಬಗ್ಗಿ, ಹಿಂಡಲೇನವ್ವಾ ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಹುಡುಗಿ ಸ್ವಲ್ಪ ಯೋಚನೆ ಮಾಡಿ, "ನಾಳೆ" ಎಂದಳು.

ಇನ್ನೊಂದು ದಿನ ಅಕ್ಕೋರು ಮಕ್ಕಳಿಗೆ ಹಾಳೆಯ ಮೇಲೆ ತಮ್ಮ ಅಂಗೈ ಇಟ್ಟು ಗೆರೆ ಎಳೆಯಲು ಹೇಳಿದರು. ಒಂದೊಂದು ಬೆರಳಿನ ಮೇಲೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಬಹುದಾದ ಒಬ್ಬೊಬ್ಬರ ಹೆಸರು ಬರೆಯಬೇಕು. ಮಧ್ಯಾಹ್ನ ಆ ಹಾಳೆಗಳನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದರು. ಸಾರಿನಲ್ಲಿ ಏನೋ ಬಿದ್ದಿದೆ ಎಂದು ದೂರು ಬಂದಿರಬೇಕೆಂದು ಸೌಟು ಹಾಕಿ ಸಾರು ಕದಡಿ ನೋಡಿದೆ. ಅವರು ಹಾಳೆಗಳನ್ನು ಹಿಟ್ಟಿನ ಡಬ್ಬಿಯ ಮೇಲೆ ಹರಡಿದರು. ಹೆಚ್ಚಿನ ಕೈಗಳಲ್ಲಿ ಒಂದು ಬೆರಳಿಗೆ ಅಡಗಿ ಆಯಿ ಎಂದಿತ್ತು. "ನಾ ಇಷ್ಟ ಬಾಯಿ ಬಡಕೊಂಡು ಕಲಸತೇನಿ, ನನ್ನ ಹೆಸರ ಕಿರುಬೆರಳಿಗೆ ಹಾಕ್ಯಾವ ನೋಡ್ರಿ ಇವು. ಬಾಯಿ ತಗೀದ ನಿಮ್ಮನ್ನ ಹೆಬ್ಬೆರಳಿಗೆ ಕುಂಡ್ರಿಸ್ಯಾವ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಮಗು ಬಂದು ಏನಾದರೂ ಹೇಳಿದರೆ ಏನು ಮಾಡಬೇಕೆಂದು ಕಲಿಸಿದರು. ನಡುವೆ ಮಾತು ತುಂಡರಿಸಬಾರದು. ಗಾಬರಿ ಬೀಳಬಾರದು. ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎನ್ನಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬಾರದು. ಒಲೆ ಊದುತ್ತ ಊದುತ್ತ ನಾನು ಅದನ್ನು ಬಾಯಿಪಾಠ ಮಾಡಿದೆ.

ಆಮೇಲೆ ದಿನವೂ ನನ್ನ ಬಾಗಿಲಿಗೆ ಒಬ್ಬರಲ್ಲ ಒಬ್ಬರು ಬರುತ್ತಿದ್ದರು. ಅಜ್ಜ ಗೊರಕೆ ಹೊಡೆಯುತ್ತಾನೆ ಎಂದು ಒಬ್ಬ ಹೇಳಿದ. ಗೆಳತಿಯ ರಬ್ಬರು ಕದ್ದದ್ದು ತಾನೇ ಎಂದು ಒಬ್ಬಳು ಹೇಳಿದಳು. ಎಲ್ಲರಿಗೂ ನಾನು ತಪ್ಪು ನಿನ್ನದಲ್ಲ ಎಂದೆ. ಒಂದೇ ಒಂದು ಮಗು ಬಂದು ಹೇಳಿದ ಮಾತು ಬೇರೆ ಥರದ್ದಾಗಿತ್ತು. ಅದನ್ನು ಅಂದೇ ಅಕ್ಕೋರಿಗೆ ಮುಟ್ಟಿಸಿದೆ. ಅವರು ಆ ಸಂಜೆಯ ಬಸ್ಸು ಬಿಟ್ಟು ಆ ಮಗುವಿನ ತಾಯಿಯ ಜೊತೆ ಕೂತರು, ಮುಂದೆ ಏನು ಮಾಡಬೇಕೋ ಅದನ್ನೆಲ್ಲ ಮಾಡಿದರು. ವಿವರ ಬರೆಯುವುದಿಲ್ಲ, ಅದು ಆ ಮಗುವಿನ ಮಾತು. ಕೆಲವು ತಿಂಗಳ ಮೇಲೆ ಅದು ಮತ್ತೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲು ಶುರು ಮಾಡಿತು. ಅಷ್ಟನ್ನು ಬರೆಯಬಹುದು.

ಇನ್ನು ಒದರುವ ಪಾಠ. ಅವರಿಗೆ ಊರಿನಲ್ಲಿ ಹೆಸರೂ ಬಂದದ್ದು, ಬೈಗುಳವೂ ಬಂದದ್ದು ಇದರಿಂದಲೇ.

ಮಕ್ಕಳಿಗೆ ಬೇಡ ಅನ್ನಲು ಕಲಿಸಿದ ಮೇಲೆ ಅಕ್ಕೋರಿಗೆ ಒಂದು ಗೊತ್ತಾಯಿತು. ನಮ್ಮ ಹುಡುಗಿಯರಿಗೆ ಜೋರಾಗಿ ಕೂಗಲಿಕ್ಕೇ ಬರುತ್ತಿರಲಿಲ್ಲ. ಬಯಲಿನ ಈ ತುದಿಯಿಂದ ಆ ತುದಿಗೆ ಕರೆಯಿರಿ ಎಂದರೆ ಬಾಯಿಗೆ ಅಂಗೈ ಅಡ್ಡ ಹಿಡಿದು ನಗುತ್ತಿದ್ದವು. ಮನೆಯಲ್ಲಿ ಹುಟ್ಟಿದಂದಿನಿಂದ ಮೆತ್ತಗೆ ಮಾತಾಡು ಎಂದು ಕೇಳಿಕೊಂಡು ಬೆಳೆದವು, ಅವು ತಾನೆ ಏನು ಮಾಡಬೇಕು. ಅಕ್ಕೋರು ಅದನ್ನೇ ಪಾಠ ಮಾಡಿಬಿಟ್ಟರು. ಶನಿವಾರ ಮುಂಜಾನೆಯ ಶಾಲೆಯಲ್ಲಿ ಪ್ರಾರ್ಥನೆಯಾದ ಮೇಲೆ ಒದರುವುದು. ಸುಮ್ಮನೆ ಚೀರುವಂತಿಲ್ಲ. ಏನಾಗಿದೆ, ಎಲ್ಲಿ ಆಗಿದೆ, ಎರಡನ್ನೂ ಹೇಳಬೇಕು. "ಬರೇ ಅಯ್ಯೋ ಅಂದ್ರ ಮಂದಿ ತಮ್ಮ ತಮ್ಮ ಮನಿ ಅಯ್ಯೋ ನೆನಸ್ಕೊಂಡು ಸುಮ್ಮನಾಗತಾರ" ಎನ್ನುತ್ತಿದ್ದರು.

ಯಾಕಿಷ್ಟು ಹಟ ಎಂದು ನಾನು ಕೇಳಿದವಳಲ್ಲ. ಒಂದು ದಿನ ಬಸ್ಸು ತಡವಾಗಿ, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಹಗ್ಗ ಸುತ್ತುತ್ತ ಅವರೇ ಹೇಳಿದರು. ಮೊದಲು ಅವರಿದ್ದ ಶಾಲೆ ತಿಕೋಟಾದ ಆಚೆ. ಅಲ್ಲಿಯೂ ನಮ್ಮಲ್ಲಿಯ ಹಾಗೆಯೇ ದ್ರಾಕ್ಷಿ ತೋಟಕ್ಕೊಂದು ಹೊಂಡ. ನೀರು ಇಂಗಬಾರದೆಂದು ಕರಿಯ ತಾಡಪತ್ರಿ ಹಾಸಿರುತ್ತಾರೆ, ನೀವೂ ನೋಡಿದ್ದೀರಿ. ಅದರ ಮೇಲೆ ಕಾಲು ಜಾರಿದರೆ ಈಜು ಬಂದರೂ ಹತ್ತಿ ಬರಲಾಗುವುದಿಲ್ಲ, ಹಿಡಿಯಲು ಏನೂ ಸಿಗುವುದಿಲ್ಲ. "ಅಲ್ಲೊಂದು ಹುಡುಗಿ, ತನ್ನ ತಮ್ಮ ಹೊಂಡದಾಗ ಬಿದ್ದಿದ್ದು ನೋಡಿದ್ಲು ವೈನಿ. ಆಚಿ ಕಡೆ ದ್ರಾಕ್ಷಿ ಹರಿಯೋ ಗಂಡಸರಿದ್ರು. ಗಂಡಸರ ಮುಂದ ಹೆಂಗ ಒದರೂದು ಅಂತ ಮನಿ ತನಕ ಓಡಿ ಹೋಗಿ ಅವ್ವನ ಕಿವ್ಯಾಗ ಹೇಳಿದ್ಲು." ತಮ್ಮ ಉಳಿದನೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ನಮ್ಮ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ಶಿಲ್ಪಾ ಎಂಬ ಹುಡುಗಿ ಇದ್ದಳು. ಏನು ಮಾಡಿದರೂ ಅವಳ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ಅವಳನ್ನು ನೋಡಿದರೆ ನನಗೆ ನನ್ನನ್ನೇ ನೋಡಿದಂತಾಗುತ್ತಿತ್ತು. ಆ ವರ್ಷ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರು. ಬುತ್ತಿ ಕಟ್ಟಿಕೊಂಡು ನಾನೂ ಹೋಗಿದ್ದೆ. ಮೇಲೆ ಹತ್ತಿದ ಮೇಲೆ ಅಕ್ಕೋರು, ಇಲ್ಲಿ ಒದರಿದರೆ ಯಾರೂ ಬೈಯುವುದಿಲ್ಲ ಎಂದರು. ಮಕ್ಕಳು ಬೇಡ ಬೇಡ ಎಂದು ಕೂಗಿದ ಹಾಗೆಲ್ಲ ಗುಮ್ಮಟವೂ ಬೇಡ ಬೇಡ ಎಂದು ಎಷ್ಟೋ ಸಲ ಹೇಳಿತು. ಕಾವಲಿನವನು ಬಂದು, ಮೇಡಂ ಸ್ವಲ್ಪ ಸಾವಕಾಶ ಎಂದ. "ಇಷ್ಟ ದಿನ ಸಾವಕಾಶನ ಇದ್ವಪಾ ಇವು" ಎಂದರು ಅಕ್ಕೋರು. ಶಿಲ್ಪಾ ಮಾತ್ರ ಗೋಡೆಗೆ ಮುಖ ಮಾಡಿ ನಿಂತು, ಪಿಸುಗುಟ್ಟಿದ ಹಾಗೆ ಬೇಡ ಎಂದಳು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಅಕ್ಕೋರು ಆಚೆ ತುದಿಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತಿದ್ದವರು ಸುತ್ತು ಹೊಡೆದು ಏದುಸಿರು ಬಿಡುತ್ತ ಬಂದರು. "ಕೇಳಿಸ್ತು ಶಿಲ್ಪಾ. ಅಷ್ಟ ದೂರ ಕೇಳಿಸ್ತು ನಿಂದು." ಹುಡುಗಿಗೆ ಅಂದು ಎಷ್ಟು ಧೈರ್ಯ ಬಂತೆಂದರೆ, ಬುತ್ತಿ ಉಣ್ಣುವಾಗ ಅವಳೇ ನನಗೆ ಎರಡು ಸಲ ಉಪ್ಪಿನಕಾಯಿ ಕೇಳಿದಳು, ಜೋರಾಗಿಯೇ.

ಅಕ್ಕೋರದು ಎಲ್ಲವೂ ಸರಿಯಿತ್ತು ಎಂದು ಬರೆದರೆ ಅವರೇ ಒಪ್ಪುವುದಿಲ್ಲ. ಒಂದು ದೊಡ್ಡ ತಪ್ಪು ಮಾಡಿದ್ದರು. ಮೊದಲ ಶನಿವಾರ ಮಕ್ಕಳು, "ಹಾವು ಬಂದೈತಿ, ಹುಣಸಿಗಿಡದ ಬುಡಕ" ಎಂದು ಒದರಿದಾಗ ಅರ್ಧ ಊರು ಬಡಿಗೆ ಹಿಡಿದು ಓಡಿ ಬಂದಿತ್ತು. ಅಕ್ಕೋರು ಕೈ ಮುಗಿದು, ಪಾಠ ಎಂದು ಹೇಳಿ ಕಳಿಸಿದರು. ಎರಡನೇ ಶನಿವಾರ, "ಬೆಂಕಿ ಬಿದ್ದೈತಿ, ಗುಡಿ ಹಿಂದ" ಎಂದಾಗ ನಾಲ್ಕು ಜನ ಕೊಡ ಹಿಡಿದು ಬಂದು ಬೈದು ಹೋದರು. ಆಮೇಲೆ ಯಾರೂ ಬರಲಿಲ್ಲ. ಶನಿವಾರ ಶಾಲೆಯ ಕಡೆಯಿಂದ ಏನು ಕೇಳಿಸಿದರೂ ಹೊಲದಲ್ಲಿದ್ದವರು ತಲೆ ಎತ್ತುತ್ತಿರಲಿಲ್ಲ. ಊರಿಗೆ ರೂಢಿಯಾಯಿತು ಎಂದು ನಾವು ಸಂತೋಷಪಟ್ಟೆವು. ಅದು ಎಂಥ ರೂಢಿ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಶಾಲೆಯ ಬೇಲಿಗೆ ಹತ್ತಿಯೇ ಧಣಿಯ ದ್ರಾಕ್ಷಿ ತೋಟ, ಅದರ ಈಚೆ ತುದಿಗೆ ಹೊಂಡ. ಅದಕ್ಕೊಂದು ಹಗ್ಗ ಕಟ್ಟಿಸಿ, ಗಾಳಿ ತುಂಬಿದ ಹಳೆಯ ಟ್ಯೂಬು ಇಡಿಸಿ ಎಂದು ಅಕ್ಕೋರು ಅವರಿಗೆ ಎಷ್ಟೋ ಸಲ ಹೇಳಿದ್ದರು. ಆಗಲಿ ಎನ್ನುತ್ತಿದ್ದರು, ಮರೆಯುತ್ತಿದ್ದರು. ಶನಿವಾರದ ಒದರಾಟ ನಿಲ್ಲಿಸಿ, ತೋಟದ ಆಳುಗಳು ನಗುತ್ತಾರೆ ಎಂದು ಧಣಿ ಇವರಿಗೆ ಹೇಳುತ್ತಿದ್ದರು. ಇವರೂ ಆಗಲಿ ಎನ್ನುತ್ತಿದ್ದರು, ಇವರೂ ಮರೆಯುತ್ತಿದ್ದರು. ಕೊನೆಗೆ ಧಣಿ, ಮುಂದಿನ ಸಭೆಯಲ್ಲಿ ಈ ಪಾಠದ ವಿಷಯ ತೀರ್ಮಾನ ಮಾಡೋಣ ಎಂದುಬಿಟ್ಟರು. ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿತ್ತು. ಊರಿನವರೂ ಅವರ ಕಡೆಯೇ ಇದ್ದರು.

ಆ ಸಭೆಗೆ ಮುಂಚಿನ ಶನಿವಾರ ಅಕ್ಕೋರು ತಾವೇ ಹಗ್ಗ ಕಟ್ಟಲು ನಾಲ್ಕನೇ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಹೊಂಡಕ್ಕೆ ಹೋದರು. ಮಕ್ಕಳನ್ನು ಹೊಂಡದ ತಂತಿ ಬೇಲಿಯಾಚೆ ನಿಲ್ಲಿಸಿ, ಹಗ್ಗದ ಸುರುಳಿಯನ್ನು ಶಿಲ್ಪಾಳ ಕೈಗೆ ಕೊಟ್ಟು, ಎಲ್ಲಿ ಕಟ್ಟಿದರೆ ಸರಿ ಎಂದು ನೋಡಲು ತಾವು ದಂಡೆಗೆ ಹೋದರು. ರಾತ್ರಿ ಬಿದ್ದ ಇಬ್ಬನಿಗೆ ತಾಡಪತ್ರಿ ತೊಯ್ದಿತ್ತು. ಬಿಳಿ ಬೂಟು ಜಾರಿತು. ಅಕ್ಕೋರು ಹೊಂಡದಲ್ಲಿ ಬಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ.

ಈಜು ಬಲ್ಲ ಇಬ್ಬರು ಹುಡುಗರು ಜಿಗಿಯಲು ಓಡಿದರಂತೆ. ಶಿಲ್ಪಾ ಅಡ್ಡ ನಿಂತು, ಪಾಠದಲ್ಲಿ ಏನು ಹೇಳಿದ್ದಾರೆ ಎಂದು ಕೇಳಿದಳಂತೆ. ನೀರಿಗೆ ಬಿದ್ದವರನ್ನು ಉಳಿಸಲು ಜಿಗಿಯಬಾರದು, ಹಿಡಿಯಲು ಏನಾದರೂ ಒಗೆಯಬೇಕು, ಒದರಬೇಕು. ಹಗ್ಗದ ಒಂದು ತುದಿಯನ್ನು ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಸುತ್ತಿ ಇನ್ನೊಂದು ತುದಿ ಒಗೆದರು. ಎರಡನೇ ಸಲಕ್ಕೆ ಅಕ್ಕೋರ ಕೈಗೆ ಸಿಕ್ಕಿತು. ಗಂಟು ಹಿಡಿದುಕೊಂಡು ತಲೆಯನ್ನು ನೀರಿನ ಮೇಲೆ ಇಟ್ಟುಕೊಂಡರು. ಮೇಲೆ ಎಳೆಯುವ ಶಕ್ತಿ ಮಕ್ಕಳಿಗಿರಲಿಲ್ಲ, ಹತ್ತಲು ಅವರಿಗೆ ಆಗಲಿಲ್ಲ. ಮಕ್ಕಳು ಒದರಿದವು. "ಅಕ್ಕೋರು ಬಿದ್ದಾರ, ಧಣ್ಯಾರ ಹೊಂಡದಾಗ." ಏನಾಗಿದೆ, ಎಲ್ಲಿ ಆಗಿದೆ, ಎರಡೂ ಇತ್ತು.

ತೋಟದ ಆ ತುದಿಗೆ ಕೆಲಸ ಮಾಡುತ್ತಿದ್ದವರು ಕೇಳಿಸಿಕೊಂಡರು. ಈ ವಾರ ಪಾಠ ಭಾರಿ ಜೋರಾಗಿದೆ ಎಂದು ನಕ್ಕರು. ಒಬ್ಬನಂತೂ ಮಕ್ಕಳಿಗೆ ಕೈ ಬೀಸಿ ಶಾಬಾಸ್ ಎಂದನಂತೆ.

ನಾನು ಉಪ್ಪಿಟ್ಟಿಗೆ ರವೆ ಹಾಕುತ್ತಿದ್ದೆ. ನನಗೂ ಕೇಳಿಸಿತು. ನಾನೂ ಪಾಠ ಎಂದೇ ತಿಳಿದೆ. ಮತ್ತೊಮ್ಮೆ ಕೇಳಿಸಿತು, ಮಗದೊಮ್ಮೆ ಕೇಳಿಸಿತು. ಆಗ ಕೈ ನಿಂತಿತು. ಪ್ರತಿ ಶನಿವಾರ ಮಕ್ಕಳು ಒಮ್ಮೆ ಒದರಿದ ಕೂಡಲೇ ಅಕ್ಕೋರ ದನಿ ಬರುತ್ತಿತ್ತು. ಸಾಲದು, ಇನ್ನೊಮ್ಮೆ, ಹೊಟ್ಟೆಯಿಂದ ಬರಲಿ ಎಂದು. ಅಂದು ಮಕ್ಕಳ ದನಿಯ ಹಿಂದೆ ಅಕ್ಕೋರ ದನಿ ಇರಲಿಲ್ಲ.

ಹೊರಗೆ ಬಂದು ಬೇಲಿಯ ಮೇಲಿಂದ ನೋಡಿದೆ. ಮಕ್ಕಳೆಲ್ಲ ಹಗ್ಗ ಹಿಡಿದು ನೆಲದ ಮೇಲೆ ಕೂತಿದ್ದವು. ತೋಟದ ಆ ತುದಿಗಿಂತ ಊರು ಹತ್ತಿರ, ನಾನು ಊರೊಳಗೆ ಓಡಿದೆ. ಗುಡಿಯ ಎದುರಿನ ಚಹಾದ ಅಂಗಡಿಯಲ್ಲಿ ಧಣಿಯೂ ಐದಾರು ಗಂಡಸರೂ ಕೂತಿದ್ದರು. ಮದುವೆಯಾಗಿ ಬಂದಂದಿನಿಂದ ಆ ಅಂಗಡಿಯ ಮುಂದೆ ನಾನು ತಲೆ ಎತ್ತಿ ಹಾದವಳಲ್ಲ. ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಕೈಯಲ್ಲಿ ಸೌಟು ಇತ್ತಂತೆ, ಆಮೇಲೆ ಹೇಳಿದರು.

"ಅಕ್ಕೋರು ಬಿದ್ದಾರ. ಧಣ್ಯಾರ ಹೊಂಡದಾಗ. ಪಾಠ ಅಲ್ಲ, ಖರೇ."

ಅದು ನನ್ನ ದನಿ ಎಂದು ನನಗೇ ಗೊತ್ತಾಗಲಿಲ್ಲ. ಧಣಿಯ ಕೈಯಿಂದ ಚಹಾದ ಗ್ಲಾಸು ಬಿತ್ತು. ಆಮೇಲೆ ಅವರು ಎಷ್ಟೋ ಜನರಿಗೆ ಹೇಳಿದ್ದಾರೆ, ಹುಡುಗರು ಒದರಿದ್ದು ನನಗೂ ಕೇಳಿಸಿತ್ತು, ನಾನು ಏಳಲಿಲ್ಲ, ಆದರೆ "ಅಡಗಿ ಆಯಿ ಒದರಾಕತ್ತಾಳ ಅಂದ್ರ ಅದು ಖರೇನ ಇರಬೇಕ" ಎಂದು. ಅಷ್ಟು ವರ್ಷ ನಾನು ಸುಮ್ಮನಿದ್ದದ್ದು ಅಂದು ಒಂದು ಉಪಯೋಗಕ್ಕೆ ಬಂತು.

ಎಲ್ಲರೂ ಓಡಿದರು. ಗಂಡಸರು ಹಗ್ಗ ಹಿಡಿದು ಎಳೆದರು. ಅಕ್ಕೋರು ಮೀನಿನ ಹಾಗೆ ಜಾರುತ್ತ ಮೇಲೆ ಬಂದು ದಂಡೆಯ ಮೇಲೆ ಕೂತರು. ಒಂದು ಬೂಟು ಇರಲಿಲ್ಲ, ಕನ್ನಡಕ ಇರಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು. ಕಣ್ಣು ಕಿರಿದು ಮಾಡಿ ಮಕ್ಕಳ ಕಡೆ ನೋಡುತ್ತ, ತಲೆ ಎಣಿಸುತ್ತ, ಮೊದಲು ಕೇಳಿದ್ದು ಒಂದೇ ಮಾತು. "ಯಾರೂ ಜಿಗಿಲಿಲ್ಲಲ್ಲ?"

ಯಾರೂ ಜಿಗಿಯಲಿಲ್ಲ ಎಂದಳು ಶಿಲ್ಪಾ. "ಹಂಗಾದ್ರ ಎಲ್ಲಾರೂ ಪಾಸ್" ಎಂದರು. ಆಗ ಮಕ್ಕಳು ಅಳಲು ಶುರು ಮಾಡಿದವು. ಅಲ್ಲಿಯವರೆಗೆ ಒಂದೂ ಅತ್ತಿರಲಿಲ್ಲ.

ಅಂದಿನ ಉಪ್ಪಿಟ್ಟು ತಳ ಹಿಡಿದು ಕರ‍್ರಗಾಗಿತ್ತು. ನನ್ನ ಸೀರೆ ಉಟ್ಟುಕೊಂಡು, ನನ್ನ ಒಲೆಯ ಮುಂದೆ ಕೂತು, ಅಕ್ಕೋರು ಅದನ್ನೇ ತಿಂದರು. ಮಕ್ಕಳು ಎಷ್ಟು ಹೊತ್ತು ಒದರಿದವು ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ತೋಟದವನು ಶಾಬಾಸ್ ಎಂದು ಕೈ ಬೀಸಿದ್ದನ್ನೂ ಹೇಳಿದೆ. ಅವರು ಪ್ಲೇಟು ಕೆಳಗಿಟ್ಟರು. "ತಪ್ಪು ನಂದ ವೈನಿ. ಒದರಾಕ ಹುಡುಗರಿಗೆ ಕಲಿಸಿದೆ. ಕೇಳಬ್ಯಾಡ್ರಿ ಅಂತ ಊರಿಗೆ ಕಲಿಸಿದೆ. ನನ್ನ ಬದಲಿ ಒಂದು ಕೂಸು ಬಿದ್ದಿದ್ರ?"

ಸಭೆಯಲ್ಲೂ ಇದನ್ನೇ ಹೇಳಿದರು. ಧಣಿ ಬಾಯಿ ತೆರೆಯುವ ಮುಂಚೆಯೇ ಎದ್ದು ನಿಂತು, ಈ ಪಾಠ ನಿಲ್ಲಿಸುತ್ತೇನೆ ಎಂದರು. ಧಣಿ ಆಗಲೇ ಹೊಂಡಕ್ಕೆ ಹೊಸ ಹಗ್ಗ, ಎರಡು ಟ್ಯೂಬು ಹಾಕಿಸಿ ಬಂದಿದ್ದರು. ಬ್ಯಾಡ್ರಿ ಅಕ್ಕೋರ, ನಡೀಲಿ ಎಂದು ಮೆಲ್ಲಗೆ ಅಂದರು. ನಡೆದರೆ ಊರು ಮತ್ತೆ ಕಿವಿ ಮುಚ್ಚಿಕೊಳ್ಳುತ್ತದೆ ಎಂದರು ಅಕ್ಕೋರು.

ನಾನು ಚಹಾ ಕೊಡಲು ಹೋಗಿದ್ದೆ. ತಟ್ಟೆ ಹಿಡಿದುಕೊಂಡೇ ಮಾತಾಡಿದೆ. "ಪಾಠದಾಗ ಸುಳ್ಳು ಒದರೂದಿದ್ರ ನಮ್ಮೂರಾಗ ಎಂದೂ ಆಗದಂಥಾ ಸುಳ್ಳ ಒದರಲಿ. ಹಾವು, ಬೆಂಕಿ, ಹೊಂಡ ಬ್ಯಾಡ. ಅವನ್ನ ಖರೇ ಆದಾಗ ಒದರಾಕ ಇಟ್ಟಿರಲಿ."

ಅಂದರೆ ಎಂಥದು ಎಂದು ಧಣಿ ಕೇಳಿದರು. ನನಗೆ ತಟ್ಟನೆ ಹೊಳೆದದ್ದನ್ನು ಹೇಳಿದೆ. "ಗಿರಣ್ಯಾಗ ಆನಿ ಬಂದೈತಿ ಅಂತ."

ಅಕ್ಕೋರು ನನ್ನನ್ನೇ ನೋಡಿದರು. ಆಮೇಲೆ ನಗು ಶುರುವಾಯಿತು. ಅವರಿಗೆ ನಗು ಬಂದರೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಗೋಡೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಅಂದೂ ಕೂತುಬಿಟ್ಟರು.

ಮುಂದಿನ ಶನಿವಾರ ಪಾಠ ನಡೆಯಿತು. ಸಭೆಯ ಮಾತು ಮನೆಮನೆಗೆ ಮುಟ್ಟಿತ್ತೆಂದು ಕಾಣುತ್ತದೆ, ಹತ್ತಾರು ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ಬೇಲಿಯ ಹತ್ತಿರ ಬಂದು ನಿಂತಿದ್ದರು. ಅವರಲ್ಲಿ ಧಣಿಯ ಹೆಂಡತಿಯೂ ಇದ್ದರು. ಧಣಿ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಿರಣಿಯಲ್ಲಿ ಆನೆ ಬಂತು, ಬಸ್ ಸ್ಟ್ಯಾಂಡಿನಲ್ಲಿ ಹಡಗು ನಿಂತಿತು, ಪಂಚಾಯತಿ ಕಚೇರಿಯ ಮೇಲೆ ಚಂದ್ರ ಬಿದ್ದ. ಒಂದೊಂದಕ್ಕೂ ತೋಟದ ಆಳುಗಳು ಆಚೆಯಿಂದ ನಕ್ಕು ಉತ್ತರ ಕೊಡುತ್ತಿದ್ದರು. ಮಕ್ಕಳ ಸರದಿ ಮುಗಿದ ಮೇಲೆ ಅಕ್ಕೋರು ಹೆಂಗಸರ ಕಡೆ ತಿರುಗಿ, ನಿಮ್ಮಲ್ಲಿ ಯಾರು ಬರುತ್ತೀರಿ ಎಂದರು. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸರಿದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸರಿದೂ ಸರಿದು ಧಣಿಯ ಹೆಂಡತಿ ಒಬ್ಬರೇ ಮುಂದೆ ಉಳಿದರು. ಗಂಡನ ಎದುರಿಗೆ ದನಿ ಎತ್ತಿದವರಲ್ಲ, ಹೆಸರಂತೂ ಹೇಳಿದವರೇ ಅಲ್ಲ. ಅಕ್ಕೋರು ಹತ್ತಿರ ಹೋಗಿ, ಏನಾಗಿದೆ, ಎಲ್ಲಿ ಆಗಿದೆ, ಎರಡೇ ಮಾತು, ನಮ್ಮೂರಲ್ಲಿ ಎಂದೂ ಆಗದ್ದು ಒಂದನ್ನು ನೆನೆಸಿಕೊಳ್ಳಿ ಎಂದರು.

ಆಕೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಹೊಟ್ಟೆಯೊಳಗಿನಿಂದ ಒದರಿದರು.

"ನಮ್ಮ ಮನಿಯವರು ಚಾ ಮಾಡ್ಯಾರ, ನಮ್ಮ ಅಡಗಿಮನ್ಯಾಗ."

ತೋಟದ ಆ ತುದಿಯವರೆಗೂ ಕೇಳಿಸಿತು. ಅಕ್ಕೋರು ನೆಲದ ಮೇಲೆ ಕೂತುಬಿಟ್ಟರು. ಹೆಂಗಸರು, ಮಕ್ಕಳು, ಬೇಲಿಯಾಚೆಯ ಆಳುಗಳು, ಯಾರಿಗೆ ಯಾರೂ ಕೇಳಿಸದಷ್ಟು ನಗು. ಧಣಿ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, ಕೊನೆಗೆ ತಾವೂ ನಕ್ಕರು.

ಆ ಸಂಜೆ ಅವರು ಮನೆಯಲ್ಲಿ ಚಹಾ ಮಾಡಿದರಂತೆ, ಸಕ್ಕರೆ ಹಾಕುವುದನ್ನು ಮರೆತು. ಹಾಗಾಗಿ ಮುಂದಿನ ಶನಿವಾರಕ್ಕೆ ಆಕೆ ಬೇರೆ ಸುಳ್ಳು ಹುಡುಕಬೇಕಾಯಿತು.